ಬಂಗುಡೆಯ ಕಾಲ, ರಂಪಣಿಯ ದಿನಗಳು

ನೂಲ ಹುಣ್ಣಿಮೆಯಂದು ಕಡಲಿಗೆ ತೆಂಗಿನಕಾಯಿ ಅರ್ಪಿಸಿ, ಮಳೆಗಾಲವಿಡೀ ಮಡಲಿನ ಚಪ್ಪರದಡಿ ಮಲಗಿದ್ದ ದೋಣಿಯನ್ನು ಮತ್ತೆ ನೀರಿಗಿಳಿಸುವುದು ಕರಾವಳಿಯ ಹಳೆಯ ಕ್ರಮ. ಬೈಂದೂರು, ಕುಂದಾಪುರ, ಬ್ರಹ್ಮಾವರದ ದಂಡೆಗಳಲ್ಲಿ ಅದರ ಬೆನ್ನಿಗೇ ಬರುತ್ತಿದ್ದದ್ದು ರಂಪಣಿಯ ಕಾಲ.

ಮುಂಗಾರಿನ ದಿನಗಳಲ್ಲಿ ಆಳದ ತಣ್ಣನೆಯ, ಸಾರವತ್ತಾದ ನೀರು ಮೇಲಕ್ಕೆ ಬರುತ್ತದೆ. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಹೇರಳವಾಗಿ ಬೆಳೆಯುತ್ತವೆ. ಅವನ್ನು ತಿನ್ನಲು ಬಂಗುಡೆಯೂ, ಕುಂದಾಪುರದವರು ಬೈಗೆ ಎಂದೂ ತುಳುವರು ಬೂತಾಯಿ ಎಂದೂ ಕರೆಯುವ ಮೀನೂ ಹಿಂಡುಹಿಂಡಾಗಿ ದಡದತ್ತ ಬರುತ್ತವೆ. ಸೆಪ್ಟೆಂಬರಿನಲ್ಲಿ ಕಡಲು ತಣ್ಣಗಾಗುವ ಹೊತ್ತಿಗೆ ಮೀನು ಕೈಗೆಟುಕುವಷ್ಟು ಹತ್ತಿರ.

ರಂಪಣಿ ಎಂದರೆ ದಡದಿಂದ ಎಳೆಯುವ ಭಾರೀ ಉದ್ದದ ಬಲೆ. ಗೋವೆಯಲ್ಲಿ ಇದನ್ನು ಎಳೆಯುವವರಿಗೆ ರಾಂಪಣಕಾರರೆಂದೇ ಹೆಸರು. ಇಲ್ಲಿ ಅದು ಒಬ್ಬನ ಸೊತ್ತಾಗಿರಲಿಲ್ಲ. ಮನೆಮನೆಯವರು ತಂತಮ್ಮ ಪಾಲಿನ ಬಲೆಯ ತುಂಡುಗಳನ್ನು ತಂದು ಜೋಡಿಸಿದರೆ ರಂಪಣಿ. ತುಂಡಿಗೆ ಇಷ್ಟು, ದೋಣಿಗೆ ಇಷ್ಟು, ಎಳೆದ ಕೈಗೆ ಇಷ್ಟು ಎಂದು ಪಾಲು.

ಹಿಂಡನ್ನು ಗುರುತಿಸುವುದು ಕಣ್ಣಿನ ವಿದ್ಯೆ. ಹಗಲಿನಲ್ಲಿ ನೀರಿನ ಬಣ್ಣ ಒಂದು ಕಡೆ ಕಪ್ಪಿಟ್ಟಂತೆ ಕಾಣಬೇಕು, ಹಕ್ಕಿಗಳು ಅಲ್ಲೇ ಎರಗಬೇಕು. ಕತ್ತಲ ರಾತ್ರಿಯಲ್ಲಿ ಹಿಂಡು ಅಲುಗಿದಾಗ ನೀರು ಮಿನುಗಬೇಕು. ಸನ್ನೆ ಸಿಕ್ಕೊಡನೆ ಹಗ್ಗದ ಒಂದು ತುದಿಯನ್ನು ದಡದಲ್ಲಿ ಬಿಟ್ಟು ದೋಣಿ ಹೊರಡುವುದು. ಅರ್ಧಚಂದ್ರಾಕಾರದಲ್ಲಿ ಬಲೆ ಬಿಡುತ್ತ ಸುತ್ತಿ ಇನ್ನೊಂದು ತುದಿಯನ್ನು ದೂರದಲ್ಲಿ ದಡ ಸೇರಿಸುವುದು. ಆಮೇಲೆ ಎರಡೂ ಕಡೆ ಜನ ಸಾಲಾಗಿ ನಿಂತು ಎಳೆತ. ಮೊಗವೀರರು, ಖಾರ್ವಿಗಳು ಮಾತ್ರವಲ್ಲ, ದಾರಿಹೋಕನೂ ಹಗ್ಗಕ್ಕೆ ಕೈ ಹಚ್ಚಿದರೆ ಸಾರಿಗಾಗುವಷ್ಟು ಮೀನಿಗೆ ಮೋಸವಿರಲಿಲ್ಲ.

ಮೀನು ಅತಿಯಾಗಿ ಬಿದ್ದರೆ? ಇಲ್ಲಿದೆ ರಂಪಣಿಯ ಜಾಣ್ಮೆ. ಬಲೆಯನ್ನು ಪೂರ್ತಿ ಎಳೆಯದೆ, ಹೊರಗಿನಿಂದ ಇನ್ನೊಂದು ಬಲೆ ಸುತ್ತಿ, ಮೀನನ್ನು ನೀರಿನಲ್ಲೇ ಜೀವಂತವಾಗಿ ಕೂಡಿ ಹಾಕುತ್ತಿದ್ದರು. ಮಂಜುಗಡ್ಡೆ ಅಪರೂಪವಾಗಿದ್ದ ಕಾಲದಲ್ಲಿ ಕಡಲೇ ಉಗ್ರಾಣ. ದಿನಗಟ್ಟಲೆ ಬೇಕಾದಷ್ಟೇ ತೆಗೆದು ಮಾರುವುದು, ಉಳಿದದ್ದಕ್ಕೆ ಉಪ್ಪು. ಅದೂ ಮಿಕ್ಕಿದರೆ ತೆಂಗಿನ ಬುಡಕ್ಕೆ ಗೊಬ್ಬರ. ಬುಟ್ಟಿ ಹೊತ್ತು ಒಳನಾಡಿಗೆ ನಡೆಯುತ್ತಿದ್ದವರು ಹೆಂಗಸರು. ದಂಡೆಯ ಮೀನು ಊರಿನ ಅಡುಗೆಮನೆಗೆ ತಲುಪುತ್ತಿದ್ದದ್ದು ಅವರ ಕಾಲಿನ ಬಲದಿಂದ ಎಂಬುದನ್ನು ಬಲೆಯ ಲೆಕ್ಕ ಬರೆಯುವವರು ಮರೆಯುವುದೇ ಹೆಚ್ಚು.

1970ರ ದಶಕದ ನಡುವಿನಲ್ಲಿ ಪರ್ಸೀನ್ ದೋಣಿಗಳು ಕರ್ನಾಟಕದ ಕಡಲಿಗಿಳಿದವು. ಯಂತ್ರದ ದೋಣಿ ಹಿಂಡನ್ನು ಹುಡುಕಿಕೊಂಡೇ ಹೋಗಿ, ಸುತ್ತ ಬಲೆ ಬಿಟ್ಟು, ಚೀಲದ ಬಾಯಿ ಬಿಗಿದಂತೆ ಅಡಿಯ ಹಗ್ಗ ಎಳೆದುಬಿಡುತ್ತದೆ. ದಡಕ್ಕೆ ಬರಬೇಕಾಗಿದ್ದ ಮೀನು ದಾರಿಯಲ್ಲೇ ಮುಗಿಯಿತು. ದಡದಲ್ಲಿ ಕಾಯುವ ರಂಪಣಿಗೆ ಬೇರೆ ಉಪಾಯವಿರಲಿಲ್ಲ. ಗೋವೆಯಲ್ಲಿ ರಾಂಪಣಕಾರರು ಚಳವಳಿಗಿಳಿದರು. ಇಲ್ಲಿಯೂ ಅಸಮಾಧಾನ ಕಡಿಮೆಯಿರಲಿಲ್ಲ. ಆದರೆ ಅನೇಕ ರಂಪಣಿ ಕೂಟಗಳು ತಾವೇ ಹಣ ಕೂಡಿಸಿ ಪರ್ಸೀನ್‌ಗೆ ಪಾಲುದಾರರಾದವು. ಪಾಲಿನ ಪದ್ಧತಿ ಗೊತ್ತಿದ್ದವರಿಗೆ ಅದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಬರೀ ಕೈಗಳನ್ನು ನಂಬಿದ್ದವರಿಗೆ: ನೂರು ಜನ ಎಳೆಯುತ್ತಿದ್ದಲ್ಲಿ ಯಂತ್ರದ ದೋಣಿಗೆ ಅಷ್ಟು ಜನ ಬೇಕಿರಲಿಲ್ಲ.

ಕಡಲ ಮೀನುಗಾರಿಕೆಯನ್ನು ನಿಯಂತ್ರಿಸುವ ಕಾಯ್ದೆ ರಾಜ್ಯದಲ್ಲಿ ಬಂದದ್ದು 1986ರಲ್ಲಿ. ಅಷ್ಟರಲ್ಲಿ ದೊಡ್ಡ ರಂಪಣಿಗಳು ಹೆಚ್ಚಿನ ಕಡೆ ಅಟ್ಟ ಸೇರಿಯಾಗಿತ್ತು.

ಈಗ ಜೂನ್, ಜುಲೈ ತಿಂಗಳಲ್ಲಿ ಯಾಂತ್ರಿಕ ಬೋಟುಗಳಿಗೆ ನಿಷೇಧವಿರುವಾಗ ನಾಡದೋಣಿಗಳು ಸಣ್ಣ ಎಂಜಿನ್ ಕಟ್ಟಿಕೊಂಡು ಬಲೆ ಬಿಡುತ್ತವೆ. ದಂಡೆಯಲ್ಲಿ ಅಲ್ಲಲ್ಲಿ ಕೈರಂಪಣಿಯೂ ಉಳಿದಿದೆ. ಬಲೆ ಚಿಕ್ಕದು, ಎಳೆಯುವವರು ಕೆಲವೇ ಮಂದಿ.