ಒಣನೆಲದಲ್ಲೊಂದು ರಜೆ

ಮರುಭೂಮಿ ಎಂದೊಡನೆ ನಮ್ಮ ಮಕ್ಕಳ ಕಣ್ಣಮುಂದೆ ಸುಳಿಯುವುದು ಭಾನುವಾರದ ಧರ್ಮೋಪದೇಶದ ತರಗತಿಯಲ್ಲಿ ಕಂಡ ಚಿತ್ರಪಟಗಳು: ಒಂಟೆಗಳ ಸಾಲು, ಸೀನಾಯಿ ಬೆಟ್ಟ, ಈಜಿಪ್ಟಿನ ಪಿರಮಿಡ್ಡು, ಬಾವಿಯ ಬಳಿ ಕೊಡ ಹಿಡಿದು ನಿಂತ ಹೆಂಗಸು. ರಜೆ ಬಂದಾಗ ಅವರಿಗೆ ಆ ನಾಡುಗಳನ್ನು ನೋಡುವ ಆಸೆಯಾಗುವುದು ಸಹಜ. ಪವಿತ್ರ ನಾಡಿನ ಪ್ರವಾಸಕ್ಕೆ ಹೋಗಿಬಂದ ಕುಟುಂಬಗಳು ನಮ್ಮ ಧರ್ಮಕೇಂದ್ರಗಳಲ್ಲೂ ಇವೆ. ಆದರೆ ಪ್ರಿಯ ಓದುಗರೇ, ಎಲ್ಲರ ಕೈಗೂ ಅಂತಹ ಹಣ ಎಟುಕುವುದಿಲ್ಲ. ಎಟುಕಿದವರೂ ಅಷ್ಟು ದೂರ ಹೊರಡುವ ಮುನ್ನ ಒಮ್ಮೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳ ನಡುವಿನ ಒಣನೆಲದಲ್ಲಿ ಎರಡು ದಿನ ತಿರುಗಾಡಿ ಬರಲಿ ಎಂಬುದು ನನ್ನ ಬಿನ್ನಹ. ಇದು ಮರುಭೂಮಿಯಲ್ಲ, ನಿಜ. ಮರಳುದಿಬ್ಬಗಳೂ ಇಲ್ಲ, ಒಂಟೆಗಳೂ ಇಲ್ಲ. ಆದರೆ ನೀರಿನ ಚಿಂತೆಯಲ್ಲೇ ಸಾವಿರ ವರ್ಷ ಬದುಕಿದ ಜನರ ನಾಡು ಇದು. ಆ ಚಿಂತೆಯ ಗುರುತುಗಳು ಕಲ್ಲಿನಲ್ಲಿ, ಕೆರೆಯ ಏರಿಯಲ್ಲಿ, ರೈಲುಹಳಿಯಲ್ಲಿ, ಕಡೆಗೆ ಮೆಣಸಿನಕಾಯಿಯ ಬಣ್ಣದಲ್ಲಿಯೂ ಉಳಿದಿವೆ.

ಕಳೆದ ಬೇಸಿಗೆಯಲ್ಲಿ ಹನ್ನೊಂದು ವರ್ಷದ ಮಗನನ್ನು ಕರೆದುಕೊಂಡು ನಾನು ಈ ದಾರಿ ಹಿಡಿದೆ. ಹಾವೇರಿಯಿಂದ ಆರಂಭಿಸುವುದು ಒಳ್ಳೆಯದು. 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ಜಿಲ್ಲಾಕೇಂದ್ರವಾದ ಈ ಊರಿನ ಪಶ್ಚಿಮಕ್ಕೆ ಹಾನಗಲ್ಲಿನ ಕಡೆ ಅರೆಮಲೆನಾಡು. ಅಲ್ಲಿ ಭತ್ತದ ಗದ್ದೆ, ತೋಟ. ಪೂರ್ವಕ್ಕೆ ರಾಣೆಬೆನ್ನೂರಿನತ್ತ ಹೋದಂತೆಲ್ಲ ಮಳೆ ಕಡಿಮೆಯಾಗುತ್ತ, ಜಾಲಿ ಹೆಚ್ಚಾಗುತ್ತ ಬರುತ್ತದೆ. ಬಸ್ಸಿನ ಕಿಟಕಿಯ ಬಳಿ ಕುಳಿತ ಮಗುವಿಗೆ ಇದನ್ನು ತೋರಿಸಿ. ಒಂದು ಗಂಟೆಯ ಪ್ರಯಾಣದಲ್ಲಿ ಹಸಿರು ಕಂದಾಗುವುದನ್ನು ಅದು ತಾನೇ ಕಂಡುಕೊಳ್ಳುತ್ತದೆ.

ಹಾವೇರಿಯ ಪುರದ ಸಿದ್ಧೇಶ್ವರ ದೇವಾಲಯ ಕಲ್ಯಾಣದ ಚಾಳುಕ್ಯರ ಕಾಲದ್ದು, ಹನ್ನೊಂದನೆಯ ಶತಮಾನದ ಕೊನೆಯ ಭಾಗಕ್ಕೆ ಸೇರಿದ್ದು. ಇಂತಹ ದೇವಾಲಯಗಳು ಸಾಮಾನ್ಯವಾಗಿ ಪೂರ್ವಕ್ಕೆ ಮುಖ ಮಾಡಿರುತ್ತವೆ; ಇದು ಪಶ್ಚಿಮಕ್ಕೆ ಮುಖ ಮಾಡಿದೆ. ಕಾರಣವನ್ನು ವಿದ್ವಾಂಸರು ನಾನಾ ಬಗೆಯಲ್ಲಿ ಊಹಿಸಿದ್ದಾರೆ. ನನ್ನ ಮಗನಿಗೆ ಅದರಲ್ಲಿ ಆಸಕ್ತಿ ಹುಟ್ಟಲಿಲ್ಲ. ಕಂಬವೊಂದನ್ನು ಸವರುತ್ತ ಅವನು ಕೇಳಿದ್ದು ಬೇರೆಯೇ: "ಅಪ್ಪಾ, ಇಷ್ಟು ನುಣ್ಣಗಿನ ಕಲ್ಲು ಎಲ್ಲಿಂದ ತಂದ್ರು?"

ಇದು ಒಳ್ಳೆಯ ಪ್ರಶ್ನೆ. ಬಾದಾಮಿಯ ಚಾಳುಕ್ಯರು ಮರಳುಗಲ್ಲಿನಲ್ಲಿ ಕಟ್ಟಿದರು. ಅವರ ನಂತರ ಬಂದ ಕಲ್ಯಾಣದ ಚಾಳುಕ್ಯರ ಶಿಲ್ಪಿಗಳು ಹನ್ನೊಂದನೆಯ ಶತಮಾನದಲ್ಲಿ ಬಳಪದ ಕಲ್ಲಿಗೆ ಹೊರಳಿದರು. ಗಣಿಯಿಂದ ತೆಗೆದಾಗ ಇದು ಮೃದು. ಉಳಿಗೆ ಸುಲಭವಾಗಿ ಬಗ್ಗುತ್ತದೆ. ಗಾಳಿಬಿಸಿಲಿಗೆ ಒಡ್ಡಿಕೊಂಡ ಮೇಲೆ ಗಟ್ಟಿಯಾಗುತ್ತದೆ. ಆದ್ದರಿಂದಲೇ ಕಂಬಗಳನ್ನು ಚರಕಿಯಲ್ಲಿ ತಿರುಗಿಸಿ ಮರದ ಆಟಿಕೆಯಂತೆ ಕಡೆಯಲು ಸಾಧ್ಯವಾಯಿತು. ಈ ಕಲ್ಲು ದೂರದಿಂದ ಬಂದದ್ದಲ್ಲ. ಹಾವೇರಿ, ಸವಣೂರು, ಬ್ಯಾಡಗಿ, ಮೋಟೆಬೆನ್ನೂರು, ಹಾನಗಲ್ಲು, ಇವೇ ಅದರ ಗಣಿಗಳಿದ್ದ ಸೀಮೆಗಳು. ಬೆಳೆ ಕೈಕೊಡುವ ನೆಲ ಕಲ್ಲನ್ನಂತೂ ಧಾರಾಳವಾಗಿ ಕೊಟ್ಟಿತು. ಮುಂದೆ ಬೇಲೂರು, ಹಳೇಬೀಡುಗಳಲ್ಲಿ ಹೊಯ್ಸಳರು ಮೆರೆಸಿದ ಶೈಲಿಯ ಬೇರು ಈ ಕಲ್ಲಿನ ಕೆಲಸದಲ್ಲಿದೆ ಎಂಬುದನ್ನು ನಮ್ಮ ಜಿಲ್ಲೆಯವರೇ ಮರೆತಂತಿದೆ.

ಹಾವೇರಿಯ ಹೆಗ್ಗೇರಿ ಕೆರೆಯನ್ನು ನೋಡದೆ ಮುಂದೆ ಹೋಗಬೇಡಿ. ಕೆರೆ ಕಟ್ಟುವುದೆಂದರೆ ಅಂದು ಅರಸರಿಗೂ ಶ್ರೀಮಂತರಿಗೂ ದೊಡ್ಡ ಪುಣ್ಯಕಾರ್ಯ. ಕರ್ನಾಟಕದ ಶಾಸನಗಳಲ್ಲಿ ಕೆರೆಯ ಹೂಳೆತ್ತಲು, ಏರಿ ದುರಸ್ತಿ ಮಾಡಲು ಬಿಟ್ಟುಕೊಟ್ಟ ಭೂಮಿಯ ಉಲ್ಲೇಖಗಳು ಹೇರಳವಾಗಿವೆ. ಕಟ್ಟುವುದಕ್ಕಿಂತ ಕಾಯುವುದು ಕಷ್ಟವೆಂದು ಆ ಹಿರಿಯರಿಗೆ ತಿಳಿದಿತ್ತು. ಆದಿಕಾಂಡದ ಇಪ್ಪತ್ತಾರನೆಯ ಅಧ್ಯಾಯವನ್ನು ನೀವು ಓದಿರುತ್ತೀರಿ. ತಂದೆ ಅಬ್ರಹಾಮನು ತೋಡಿಸಿದ್ದ ಬಾವಿಗಳನ್ನು ಫಿಲಿಷ್ಟಿಯರು ಮಣ್ಣುಹಾಕಿ ಮುಚ್ಚಿದ್ದರು. ಮಗ ಇಸಾಕನು ಅವನ್ನು ಮತ್ತೆ ತೋಡಿಸಿ, ತಂದೆಯಿಟ್ಟ ಹೆಸರುಗಳನ್ನೇ ಅವಕ್ಕೆ ಇಟ್ಟನು. ನೀರಿಗಾಗಿ ಕುರುಬರೊಡನೆ ಜಗಳವಾದಾಗ ಅವನು ಬಾವಿಯನ್ನು ಬಿಟ್ಟುಕೊಟ್ಟು ಮುಂದೆ ಹೋಗಿ ಇನ್ನೊಂದನ್ನು ತೋಡಿಸುತ್ತಾನೆ. ಆ ಕಥೆಯನ್ನು ಹೆಗ್ಗೇರಿಯ ಏರಿಯ ಮೇಲೆ ಕುಳಿತು ಮಗನಿಗೆ ಹೇಳಿದೆ. ನಮ್ಮ ಊರಿನ ಹೊಲದಲ್ಲಿ ಅವನ ಮುತ್ತಜ್ಜ ತೋಡಿಸಿದ ಬಾವಿಯೊಂದಿದೆ. ಕೊಳವೆಬಾವಿ ಬಂದ ಮೇಲೆ ಅದರೊಳಗೆ ಹತ್ತಿಕಟ್ಟಿಗೆ, ಕಲ್ಲು ಬಿದ್ದವು. ಈಗ ಕೊಳವೆಬಾವಿಯೂ ಬತ್ತಿದೆ. ಹೊಲವನ್ನು ಮಾರೋಣವೆಂದು ಮನೆಯಲ್ಲಿ ಮಾತು ನಡೆದಿರುವುದು ಮಗನ ಕಿವಿಗೂ ಬಿದ್ದಿತ್ತೆಂದು ನನಗೆ ತಿಳಿದದ್ದು ಅಲ್ಲಿ. "ಮಾರಿದ್ರ ಬಾವಿನೂ ಅವರದಾ ಆಗ್ತದ?" ಎಂದು ಕೇಳಿದ. ಆಗುತ್ತದೆ ಎಂದೆ. ನಿಮ್ಮಲ್ಲಿ ಎಷ್ಟು ಮನೆಗಳಲ್ಲಿ ಇದೇ ಮಾತು ನಡೆಯುತ್ತಿದೆಯೋ, ನೀವೇ ಬಲ್ಲಿರಿ.

ಮರುದಿನ ಗುತ್ತಲದ ಮೇಲೆ ಹಾಯ್ದು ಚೌಡಯ್ಯದಾನಪುರಕ್ಕೆ ಹೋಗಬಹುದು. ತುಂಗಭದ್ರೆಯ ದಂಡೆಯ ಮುಕ್ತೇಶ್ವರ ದೇವಾಲಯ ಹಾಗೂ ಅದರ ಆವರಣದ ಎತ್ತರದ ಶಾಸನಕಲ್ಲುಗಳು ಗುತ್ತಲದಿಂದ ಆಳಿದ ಗುತ್ತ ಅರಸರ ನೆನಪನ್ನು ಉಳಿಸಿವೆ. ಚಿಕ್ಕ ಮಾಂಡಲಿಕರಾದ ಇವರು ತಮ್ಮನ್ನು ಉಜ್ಜಯಿನಿಯ ಗುಪ್ತವಂಶದವರೆಂದು ಕರೆದುಕೊಂಡರು. ವಂಶವನ್ನು ದೂರಕ್ಕೆ ಜಗ್ಗುವ ಆಸೆ ಸಣ್ಣ ಅರಸರಲ್ಲೇ ಹೆಚ್ಚೇನೋ! ಆದರೆ ಊರಿನ ಹೆಸರಿನಲ್ಲಿ ಉಳಿದವನು ಅರಸನಲ್ಲ, ಹನ್ನೆರಡನೆಯ ಶತಮಾನದ ದೋಣಿಗಾರ ವಚನಕಾರ ಅಂಬಿಗರ ಚೌಡಯ್ಯ. ಏಪ್ರಿಲ್ ತಿಂಗಳಲ್ಲಿ ನದಿ ಸೊರಗಿ, ಬಂಡೆಗಳ ನಡುವೆ ಅಲ್ಲಲ್ಲಿ ನಿಂತ ನೀರು ಮಾತ್ರ ಕಾಣುತ್ತದೆ. ಇಲ್ಲಿ ಅಂಬಿಗನಿಗೆ ಏನು ಕೆಲಸವಿತ್ತೆಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಮಳೆಗಾಲದಲ್ಲಿ ಇನ್ನೊಮ್ಮೆ ಕರೆತರುವ ಮಾತು ಕೊಡಬೇಕಾಗುತ್ತದೆ.

ಸಮೀಪದಲ್ಲೇ ಗಳಗನಾಥ. ಸಾಗರ ಸೀಮೆಯಲ್ಲಿ ಹುಟ್ಟಿ ಬನವಾಸಿಯನ್ನು ಬಳಸಿ ಬರುವ ವರದೆ ಈ ಊರಿನ ಬಳಿ ತುಂಗಭದ್ರೆಯನ್ನು ಸೇರುತ್ತಾಳೆ. ಇಲ್ಲಿನ ಗಳಗೇಶ್ವರ ದೇವಾಲಯದ ಹೊರಗೋಡೆ ಇಳಿಜಾರಾಗಿ ಮೇಲೇರುವುದನ್ನು ಕಂಡು ಮಗ "ಪಿರಮಿಡ್!" ಎಂದು ಕೂಗಿದ. ಈಜಿಪ್ಟಿನ ಆಸೆ ಅಷ್ಟಕ್ಕಾದರೂ ತೀರಿತು. ಕನ್ನಡಿಗರಿಗೆ ಕಾದಂಬರಿ ಓದುವ ರುಚಿ ಹತ್ತಿಸಿದ ವೆಂಕಟೇಶ ತಿರಕೋ ಕುಲಕರ್ಣಿಯವರು (1869-1942) ಈ ಊರಿನ ಹೆಸರನ್ನೇ ಕಾವ್ಯನಾಮವಾಗಿಸಿಕೊಂಡು 'ಗಳಗನಾಥ'ರೆಂದು ಪ್ರಸಿದ್ಧರಾದರು. ತಮ್ಮ ಪುಸ್ತಕಗಳ ಗಂಟನ್ನು ಹೊತ್ತು ಊರೂರು ಅಲೆದು ಮಾರಿದವರು ಅವರು.

ಇನ್ನು ರೈಲಿನ ವಿಷಯ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಒಂದೇ ಹಳಿಯ ಮೇಲಿನ ನಿಲ್ದಾಣಗಳು. ಮಗುವನ್ನು ಈ ದಾರಿಯಲ್ಲಿ ಒಮ್ಮೆ ರೈಲಿನಲ್ಲೇ ಕರೆದೊಯ್ಯಿರಿ. ಏಕೆಂದರೆ ಈ ಹಳಿ ಬರಗಾಲದ ಕೂಸು. 1876ರಲ್ಲಿ ದಖ್ಖನ್ನಿನಲ್ಲಿ ಮುಂಗಾರು ಕೈಕೊಟ್ಟಿತು. ಆಗ ಈ ತಾಲ್ಲೂಕುಗಳೆಲ್ಲ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯೊಳಗಿದ್ದವು. ಪರಿಹಾರ ಕಾಮಗಾರಿಗಳಲ್ಲಿ ಕಲ್ಲು ಒಡೆಯುವ, ಮಣ್ಣು ಹೊರುವ ಜನರ ಕೂಲಿಯನ್ನು ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ 1877ರ ಆರಂಭದಲ್ಲಿ ಇಳಿಸಿದರು. ದಿನಕ್ಕೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯ ಹಾಗೂ ಅದರ ಮೇಲೆ ಅಲ್ಪ ಕಾಸು ಒಬ್ಬ ದುಡಿಯುವ ಆಳಿಗೆ ಸಾಕೆಂಬುದು ಅವರ ಲೆಕ್ಕ. ಮುಂಬಯಿ ಪ್ರಾಂತದ ಕೂಲಿಕಾರರು ಆ ಕೂಲಿಯನ್ನು ಧಿಕ್ಕರಿಸಿ ಸಾವಿರಾರು ಸಂಖ್ಯೆಯಲ್ಲಿ ಕೆಲಸ ಬಿಟ್ಟು ನಡೆದರು. ಪುಣೆಯ ಸಾರ್ವಜನಿಕ ಸಭೆ ಸರ್ಕಾರಕ್ಕೆ ಪ್ರತಿಭಟನೆಯ ಪತ್ರಗಳನ್ನು ಬರೆಯಿತು. 1872ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಧಾರವಾಡ ಜಿಲ್ಲೆಯ ಜನಸಂಖ್ಯೆ ಸುಮಾರು ಒಂದು ಲಕ್ಷದಷ್ಟು ಕುಸಿಯಿತು. ಹತ್ತು ಲಕ್ಷವೂ ಇರದಿದ್ದ ಜಿಲ್ಲೆಯಲ್ಲಿ ಒಂದು ಲಕ್ಷ! ಹುಟ್ಟಿದವರನ್ನೂ ಲೆಕ್ಕಕ್ಕೆ ಹಿಡಿದರೆ ಸತ್ತವರು, ಊರು ಬಿಟ್ಟವರು ಇನ್ನೂ ಹೆಚ್ಚು.

ಅಂದು ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳಲ್ಲಿ ಕೆಲವರು ಬಾಸೆಲ್ ಮಿಷನ್ನಿನ ಅನಾಥಾಲಯಗಳನ್ನು ಸೇರಿದರು. ಮಿಷನ್ನು 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ ನೆಲೆಯೂರಿತ್ತು; ಮುಂದೆ ಬೆಟಗೇರಿ, ಗುಳೇದಗುಡ್ಡಗಳಿಗೂ ಹಬ್ಬಿತ್ತು. ಉತ್ತರ ಕರ್ನಾಟಕದ ಹಲವು ಕ್ರೈಸ್ತ ಮನೆತನಗಳ ಕಥೆಯನ್ನು ಹಿಂದಕ್ಕೆ ಎಳೆದರೆ ಅದು ಆ ಬರದ ವರ್ಷಗಳಲ್ಲಿ ಹೆಸರಿಲ್ಲದ ಒಂದು ಮಗುವಿನ ಬಳಿ ನಿಂತುಬಿಡುತ್ತದೆ. ಅದರಾಚೆ ಅಜ್ಜನ ಹೆಸರಿಲ್ಲ, ಊರಿಲ್ಲ. ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ.

ಬರವನ್ನು ವಿಚಾರಿಸಿದ ಆಯೋಗ 1880ರಲ್ಲಿ ವರದಿ ಕೊಟ್ಟಿತು. ಧಾನ್ಯ ಸಾಗಿಸಲು ರೈಲುದಾರಿ ಬೇಕೆಂದಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಆ ದಶಕದಲ್ಲಿಯೇ ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಹಳಿ ಬಿತ್ತು. ಹಸಿದವರಿಗೆ ಜೋಳ ತರಲೆಂದು ಬಂದ ರೈಲು ಊರಿನ ಸರಕನ್ನು ಹೊರಕ್ಕೂ ಒಯ್ಯತೊಡಗಿತು. ಬ್ಯಾಡಗಿಯ ಮೆಣಸಿನಕಾಯಿ ಪೇಟೆ ಬೆಳೆದದ್ದರಲ್ಲಿ ಅದರ ಪಾಲೂ ಇದೆ.

ಮೆಣಸಿನಕಾಯಿ ನಮ್ಮ ನೆಲದ್ದಲ್ಲವೆಂದರೆ ಮಕ್ಕಳು ನಂಬುವುದಿಲ್ಲ. ಅಮೆರಿಕ ಖಂಡದ ಗಿಡವದು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳೊಡನೆ ಪಶ್ಚಿಮ ಕರಾವಳಿಗೆ ಬಂತು. ಅಲ್ಲಿಯವರೆಗೆ ನಮ್ಮ ಸಾರಿಗೆ ಕಾಳುಮೆಣಸೇ ಖಾರ. ಬ್ಯಾಡಗಿಯ ಕಾಯಿಯಲ್ಲಿ ಖಾರ ಕಡಿಮೆ, ಬಣ್ಣ ಹೆಚ್ಚು. ಉದ್ದ, ತೆಳು, ಸುಕ್ಕಾದದ್ದು 'ಕಡ್ಡಿ', ಗಿಡ್ಡ, ದಪ್ಪಗಿನದು 'ಡಬ್ಬಿ'. 2011ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಇದರಿಂದ ತೆಗೆದ ಕೆಂಪು ರಸ ಆಹಾರಪದಾರ್ಥಗಳಿಗೂ ತುಟಿಯ ಬಣ್ಣಕ್ಕೂ ಸೇರುತ್ತದೆ. ಪೇಟೆಯಲ್ಲಿ ನನ್ನ ಮಗ ಹತ್ತು ನಿಮಿಷ ಸೀನಿದ. ರಾಶಿಯ ಮುಂದೆ ಕುಳಿತು ತೊಟ್ಟು ಬಿಡಿಸುತ್ತಿದ್ದ ಹೆಣ್ಣುಮಕ್ಕಳು ನಕ್ಕರು. ದಿನವಿಡೀ ಆ ಘಾಟಿನಲ್ಲಿ ಕುಳಿತವರು ಅವರು. ಬಾಯಿಗೆ ಸೆರಗೊಂದೇ ಕಾವಲು. 2024ರ ಮಾರ್ಚ್ ತಿಂಗಳಲ್ಲಿ ಬೆಲೆ ದಿಢೀರನೆ ಕುಸಿದಾಗ ರೈತರ ಸಿಟ್ಟು ಸ್ಫೋಟಗೊಂಡು ಮಾರುಕಟ್ಟೆಯ ಕಚೇರಿಗೆ ಕಲ್ಲು, ವಾಹನಗಳಿಗೆ ಬೆಂಕಿ ಬಿದ್ದದ್ದನ್ನು ನೀವು ಪತ್ರಿಕೆಗಳಲ್ಲಿ ಓದಿರುವಿರಿ. ಬೆಂಕಿ ಹಚ್ಚಿದ್ದನ್ನು ನಾನು ಸಮರ್ಥಿಸಲಾರೆ. ಆದರೆ ಮಳೆಯನ್ನೇ ನಂಬಿ ಬೆಳೆದು, ಕೊಯ್ದು, ಒಣಗಿಸಿ, ಚೀಲ ತುಂಬಿ ತಂದವನಿಗೆ ಆ ಒಂದು ದಿನದ ದರವೇ ಇಡೀ ವರ್ಷ ಎಂಬುದನ್ನು ಮಗುವಿಗೆ ಹೇಳದೆ ಈ ಪೇಟೆಯನ್ನು ತೋರಿಸಿ ಫಲವಿಲ್ಲ.

ಬ್ಯಾಡಗಿ ತಾಲ್ಲೂಕಿನಲ್ಲೇ ಮೋಟೆಬೆನ್ನೂರಿದೆ. ಹಿಂದೆ ಹೇಳಿದ ಕಲ್ಲಿನ ಸೀಮೆ. 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯವರೊಡನೆ ನಡೆದ ಏಕೈಕ ಕನ್ನಡಿಗ ಮೈಲಾರ ಮಹಾದೇವ ಹುಟ್ಟಿದ್ದು ಇಲ್ಲಿ. ಆಗ ಅವರಿಗೆ ಹದಿನೆಂಟರ ಹರೆಯ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಸರ್ಕಾರದ ಕಂದಾಯದ ಹಣವಿದ್ದ ಸ್ಥಳದ ಮೇಲೆ ನಡೆದ ದಾಳಿಯಲ್ಲಿ ಇಬ್ಬರು ಸಂಗಾತಿಗಳೊಡನೆ ಗುಂಡಿಗೆ ಬಲಿಯಾದರು. ಕನಕದಾಸರ ಕಾಗಿನೆಲೆಯೂ ಇದೇ ತಾಲ್ಲೂಕಿನದು. ಅವರ 'ರಾಮಧಾನ್ಯಚರಿತೆ'ಯಲ್ಲಿ ಭತ್ತಕ್ಕೂ ರಾಗಿಗೂ ಜಗಳ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಲಾಗುತ್ತದೆ. ಭತ್ತ ಕೆಡುತ್ತದೆ, ರಾಗಿ ಗಟ್ಟಿಯಾಗಿ ಉಳಿಯುತ್ತದೆ. ಬರವನ್ನು ಕಂಡ ಕವಿಯ ತೀರ್ಪು ಅದು.

ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯವನ್ನು ಕೊನೆಗಿಟ್ಟುಕೊಳ್ಳಿ. 1974ರಲ್ಲಿ ಸ್ಥಾಪನೆಯಾದ ಇದರ ವಿಸ್ತಾರ 119 ಚದರ ಕಿಲೋಮೀಟರ್. ಹುಣಸಿಕಟ್ಟಿ, ಹುಲ್ಲತ್ತಿ, ಅಳಗೇರಿ ಎಂಬ ಮೂರು ಭಾಗಗಳು. ಒಂದು ಕಾಲಕ್ಕೆ ಇಲ್ಲೆಲ್ಲ ಬಯಲು ಹುಲ್ಲು, ಕುರುಚಲು ಮುಳ್ಳುಕಂಟಿ. ಹೆಬ್ಬಕವೆಂಬ ದೊಡ್ಡ ಹಕ್ಕಿಯೂ ಇಲ್ಲಿ ತಿರುಗುತ್ತಿತ್ತು. ಒಣ ಬಯಲೆಂದರೆ ಪಾಳುನೆಲ, ಅದಕ್ಕೆ ಮರ ನೆಡಬೇಕೆಂಬ ತಿಳಿವಳಿಕೆಯಿಂದ ಸಾಲುಸಾಲಾಗಿ ನೀಲಗಿರಿ ನೆಟ್ಟರು. ಮರ ದಟ್ಟವಾದಷ್ಟೂ ಓಟವನ್ನೇ ನೆಚ್ಚಿದ ಚಿಗರಿಗೆ ಜಾಗ ಕಿರಿದಾಯಿತು, ಹೆಬ್ಬಕ ಕಾಣದಾಯಿತು. ಬಯಲು ಬಯಲಾಗಿಯೇ ಇರಬೇಕಾದ ನೆಲವೂ ಉಂಟೆಂದು ತಿಳಿಯಲು ನಮಗೆ ಬಹಳ ಕಾಲ ಹಿಡಿಯಿತು. ಚಿಗರಿಗಳು ಸುತ್ತಲಿನ ಹೊಲಗಳಿಗೂ ನುಗ್ಗುತ್ತವೆ. ಅಂಚಿನ ರೈತರನ್ನು ಮಾತನಾಡಿಸಿದರೆ ಅವರ ಲೆಕ್ಕವೇ ಬೇರೆ.

ನಸುಕಿನಲ್ಲಿ ಹೋಗಿ, ನೀರು ಸಾಕಷ್ಟು ಒಯ್ಯಿರಿ, ಮಗುವಿಗೆ ಮಾತು ಕಡಿಮೆ ಮಾಡಲು ಹೇಳಿ. ನಾವು ಹೋದ ದಿನ ಬಹಳ ಹೊತ್ತು ಏನೂ ಕಾಣಲಿಲ್ಲ. ಬಿಸಿಲೇರುವ ಹೊತ್ತಿಗೆ ನೀಲಗಿರಿಯ ಎರಡು ಸಾಲುಗಳ ನಡುವಿನ ತೆರಪಿನಲ್ಲಿ ಏಳು ಹೆಣ್ಣು ಚಿಗರಿಗಳು, ಹಿಂದೆ ಕಪ್ಪು ಬೆನ್ನಿನ, ತಿರುಚುಗೊಂಬಿನ ಗಂಡು ಒಂದು ಹಾಯ್ದುಹೋದವು. ಮಗ ಎಣಿಸಿದ್ದು ಎಂಟು ಹೆಣ್ಣು. ಆ ಒಂದರ ಬಗ್ಗೆ ಮರಳಿ ಬರುವ ರೈಲು ಬ್ಯಾಡಗಿ ದಾಟುವವರೆಗೂ ನಮ್ಮಿಬ್ಬರಿಗೂ ವಾದ ನಡೆಯಿತು.