ದೋಷವೂ ಪರಿಹಾರವೂ: ಕನ್ನಡದ ಗೋಷ್ಠಿಗಳಲ್ಲಿ ವಿಮರ್ಶೆಯ ಮರ್ಯಾದೆ

ಕನ್ನಡ ಕಾವ್ಯಮೀಮಾಂಸೆಯ ಇತಿಹಾಸವನ್ನು ಬರೆಯುವಾಗ ಲಕ್ಷಣಗ್ರಂಥಗಳ ಸಿದ್ಧಾಂತಗಳನ್ನು ಕಾಲಾನುಕ್ರಮವಾಗಿ ನಿರೂಪಿಸುವುದು ವಾಡಿಕೆ. ಕೃತಿಕಾರನ ಎದುರಿನಲ್ಲಿಯೇ ದೋಷವನ್ನು ಹೇಳುವವರು ಯಾವ ಕಟ್ಟಳೆಗೆ ಒಳಪಟ್ಟಿದ್ದರು, ಸಭೆಯನ್ನು ನಡೆಸುವವನ ಹೊಣೆ ಏನಾಗಿತ್ತು ಎಂಬ ಪ್ರಶ್ನೆಗಳು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಪ್ರಸ್ತುತ ಲೇಖನದಲ್ಲಿ ನಾವು ಎರಡು ಮಧ್ಯಕಾಲೀನ ಗ್ರಂಥಗಳನ್ನೂ ದೆಹಲಿಯ ಒಂದು ಆಧುನಿಕ ಕಲಾವಿದರ ಕೂಟವನ್ನೂ ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುತ್ತೇವೆ. ವಿಮರ್ಶೆಯ ಗುಣ ವಿಮರ್ಶಕನ ಮೃದುತ್ವವನ್ನಾಗಲಿ ಕಾಠಿಣ್ಯವನ್ನಾಗಲಿ ಅವಲಂಬಿಸಿಲ್ಲ. ಕೂಟವು ಒಪ್ಪಿಕೊಂಡ ಮರ್ಯಾದೆಯನ್ನು ಅವಲಂಬಿಸಿದೆ ಎಂಬುದು ನಮ್ಮ ಪ್ರತಿಪಾದನೆ.

ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯನು ರಚಿಸಿದ 'ಕವಿರಾಜಮಾರ್ಗ' ಒಂಬತ್ತನೆಯ ಶತಮಾನದ ಕೃತಿ. ಕೆ. ಬಿ. ಪಾಠಕರು ಇದನ್ನು 1898ರಲ್ಲಿ ಸಂಪಾದಿಸಿ ಪ್ರಕಟಿಸಿದರು. ಇದರ ಮೂರು ಪರಿಚ್ಛೇದಗಳಲ್ಲಿ ಮೊದಲನೆಯದು ದೋಷ ಮತ್ತು ಅದೋಷಗಳ ವಿವೇಚನೆಗೆ ಮೀಸಲಾಗಿದೆ. ದಂಡಿಯ 'ಕಾವ್ಯಾದರ್ಶ'ಕ್ಕೆ ಈ ಗ್ರಂಥವು ಎಷ್ಟು ಋಣಿ ಎಂಬುದನ್ನು ವಿದ್ವಾಂಸರು ಸಾಕಷ್ಟು ಚರ್ಚಿಸಿದ್ದಾರೆ. ನಮ್ಮ ಉದ್ದೇಶಕ್ಕೆ ಮುಖ್ಯವಾದುದು ಅದರ ಬೋಧನಕ್ರಮ. ಗ್ರಂಥಕಾರನು ಹಲವೆಡೆ ದೋಷಯುಕ್ತವಾದ ಪದ್ಯವೊಂದನ್ನು ಕೊಟ್ಟು, ಅದೇ ಅರ್ಥವನ್ನು ದೋಷವಿಲ್ಲದಂತೆ ಹೇಳುವ ಬಗೆಯನ್ನೂ ತೋರಿಸುತ್ತಾನೆ. ತಪ್ಪನ್ನು ಎತ್ತಿ ತೋರಿಸಿದವನು ತಿದ್ದುವ ದಾರಿಯನ್ನೂ ತೋರಿಸಬೇಕೆಂಬ ಹೊಣೆ ಇಲ್ಲಿ ಮಾತಿನಲ್ಲಿ ಹೇಳದೆಯೇ ಸಿದ್ಧವಾಗಿದೆ.

ಇದಕ್ಕೆ ಆಧಾರವಾಗಿ ಇನ್ನೂ ಮೂರು ವಿಚಾರಗಳಿವೆ. ಕಣ್ಣಿಗೆ ತನ್ನದೇ ಕಾಡಿಗೆ ಕಾಣದ ಹಾಗೆ ಕವಿಗೆ ತನ್ನ ದೋಷ ಕಾಣಿಸದು ಎನ್ನುವುದು ಮೊದಲನೆಯದು. ಆದುದರಿಂದ ಇನ್ನೊಬ್ಬರ ಕಣ್ಣು ಬೇಕಾಗುವುದು ಕವಿಯ ಅಯೋಗ್ಯತೆಯ ಗುರುತಲ್ಲ. ಅದು ಎಲ್ಲರಿಗೂ ಸಮಾನವಾದ ಅಗತ್ಯ. ಎರಡನೆಯದು ದೇಸಿಯ ಮಾತು. ಕನ್ನಡಗಳು ಹಲವಾಗಿರುವುದರಿಂದ ಅವುಗಳ ದೋಷಗಳನ್ನು ಇಷ್ಟೇ ಎಂದು ಎಣಿಸಹೊರಟರೆ ವಾಸುಕಿಯೂ ಬೇಸರಗೊಂಡಾನು ಎನ್ನುತ್ತಾನೆ ಗ್ರಂಥಕಾರ. ಒಂದು ನಾಡಿನ ನುಡಿಯ ಅಳತೆಗೋಲಿನಿಂದ ಇನ್ನೊಂದು ನಾಡಿನ ನುಡಿಯನ್ನು ಅಳೆಯುವ ವಿಮರ್ಶಕನಿಗೆ ಇದು ಎಚ್ಚರಿಕೆ. ಮೂರನೆಯದು ನಾಡವರ ಸಾಮರ್ಥ್ಯವನ್ನು ಕುರಿತದ್ದು. ಕಾವೇರಿಯಿಂದ ಗೋದಾವರಿಯವರೆಗಿನ ಜನರು ಹದವರಿತು ನುಡಿಯಬಲ್ಲರು. ನುಡಿದುದನ್ನು ಅರಿತು ವಿಚಾರಿಸಲೂ ಬಲ್ಲರು. ವಿಮರ್ಶೆಯ ಅಧಿಕಾರವನ್ನು ಇಲ್ಲಿ ಓದಿದವರಿಗಷ್ಟೇ ಕೊಟ್ಟಿಲ್ಲ. ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸಬಲ್ಲ ಗುಣವೇ ನಿಜವಾದ ಹೊನ್ನು ಎಂಬ ಭಾವವುಳ್ಳ ಮಾತು ಇದೇ ಗ್ರಂಥದಲ್ಲಿರುವುದು ಆಕಸ್ಮಿಕವಲ್ಲ.

'ಕವಿರಾಜಮಾರ್ಗ'ದಲ್ಲಿ ನಿಯಮವಿದೆ, ಸಭೆಯ ಚಿತ್ರವಿಲ್ಲ. ಆ ಚಿತ್ರ ವಿಸ್ತಾರವಾಗಿ ದೊರೆಯುವುದು 'ಶೂನ್ಯಸಂಪಾದನೆ'ಯಲ್ಲಿ. ಹನ್ನೆರಡನೆಯ ಶತಮಾನದ ಶರಣರ ವಚನಗಳನ್ನು ಸಂವಾದರೂಪದಲ್ಲಿ ಜೋಡಿಸಿದ ಈ ಗ್ರಂಥವು ಮೊದಲು ಸಿದ್ಧವಾದುದು ಹದಿನೈದನೆಯ ಶತಮಾನದಲ್ಲಿ, ಶಿವಗಣಪ್ರಸಾದಿ ಮಹಾದೇವಯ್ಯನಿಂದ. ಅನಂತರ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣಾರ್ಯ ಇವರ ಪರಿಷ್ಕರಣಗಳು ಬಂದವು. ಆದುದರಿಂದ ಇದನ್ನು ಕಲ್ಯಾಣದ ಸಭೆಯ ನಡಾವಳಿಯೆಂದು ಓದಲಾಗದು. ಆದರ್ಶ ಸಭೆ ಹೇಗಿರಬೇಕೆಂದು ಮುಂದಿನ ತಲೆಮಾರುಗಳು ಭಾವಿಸಿದವೋ ಅದರ ದಾಖಲೆ ಇದು ಎಂದು ಗ್ರಹಿಸುವುದು ಯುಕ್ತ.

ಈ ಸಭೆಯ ಅಧ್ಯಕ್ಷ ಅಲ್ಲಮಪ್ರಭು. ಆತನ ಪ್ರಶ್ನೆಗಳು ಮೃದುವಲ್ಲ. ಸೊನ್ನಲಿಗೆಯಲ್ಲಿ ಸಿದ್ಧರಾಮನನ್ನು ಹಗುರಾಗಿ ಕರೆದನೆಂದು ಕೆರೆಯ ಕೆಲಸದವರು ಕೆರಳಿ ಕಲ್ಲೆಸೆಯುತ್ತಾರೆ. ಅನುಯಾಯಿಗಳ ರೋಷ ಚರ್ಚೆಯ ಬಾಗಿಲನ್ನು ಮುಚ್ಚುವ ಹೊತ್ತು ಅದು. ಸ್ವತಃ ಸಿದ್ಧರಾಮನೇ ಪ್ರಶ್ನೆಗೆ ಎದುರಾದ ಮೇಲೆ ಮಾತು ಮುಂದುವರಿಯುತ್ತದೆ. ಕೊನೆಗೆ ಇಬ್ಬರೂ ಕಲ್ಯಾಣದ ದಾರಿ ಹಿಡಿಯುತ್ತಾರೆ. ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗಲೂ ಅಲ್ಲಮನ ಪ್ರಶ್ನೆ ತೀಕ್ಷ್ಣವಾದುದೇ. ಆದರೆ ಆಕೆ ಉತ್ತರಿಸುವವರೆಗೆ ಸಭೆ ಕಾಯುತ್ತದೆ. ಬಸವಣ್ಣ, ಚೆನ್ನಬಸವಣ್ಣರು ಆಕೆಯ ಪರವಾಗಿ ಮಾತನಾಡುತ್ತಾರೆ. ಪ್ರಶ್ನಿಸಿದವನೇ ಕೊನೆಗೆ ಆಕೆಯ ನಿಲುವನ್ನು ಮನ್ನಿಸುತ್ತಾನೆ. ಪ್ರಶ್ನಿಸುವವನು ಉತ್ತರಕ್ಕೆ ತಲೆಬಾಗಲು ಸಿದ್ಧನಾಗಿರಬೇಕೆಂಬುದು ಇಲ್ಲಿಯ ಮರ್ಯಾದೆ. ಹಾಗೆಂದು ಈ ಪ್ರಸಂಗವನ್ನು ಬರಿದೇ ಕೊಂಡಾಡುವುದೂ ಸಲ್ಲದು. ಹೊಸತಾಗಿ ಬಂದ ಹೆಣ್ಣೊಬ್ಬಳು ತನ್ನ ಪತಿ ಯಾರೆಂಬುದಕ್ಕೂ ಕೂದಲಿನಿಂದ ಮೈ ಮರೆಮಾಡಿದ್ದಕ್ಕೂ ಉತ್ತರ ಕೊಡಬೇಕಾಯಿತು. ಪರೀಕ್ಷೆಯ ಭಾರ ಎಲ್ಲರ ಮೇಲೆ ಸಮನಾಗಿ ಬೀಳಲಿಲ್ಲವೆಂಬುದನ್ನು ಸಂಶೋಧಕರು ಗುರುತಿಸಬೇಕು.

ಅದೇ ಗ್ರಂಥದಲ್ಲಿ ಆಯ್ದಕ್ಕಿ ಲಕ್ಕಮ್ಮ, ಗಂಡ ಮಾರಯ್ಯ ಅಗತ್ಯಕ್ಕಿಂತ ಹೆಚ್ಚಾಗಿ ತಂದ ಅಕ್ಕಿಯನ್ನು ಕಂಡು ಅದು ತಪ್ಪೆಂದು ಹೇಳಿ, ತಂದಲ್ಲಿಯೇ ಸುರಿದು ಬರುವಂತೆ ಕಳುಹಿಸುತ್ತಾಳೆ. ದೋಷ ಯಾವುದು, ಪರಿಹಾರ ಯಾವುದು ಎರಡೂ ಸ್ಪಷ್ಟ. ಹೇಳಿದವಳ ಸ್ಥಾನಮಾನ ಇಲ್ಲಿ ಗಣನೆಗೆ ಬರುವುದಿಲ್ಲ.

ಈ ಮರ್ಯಾದೆ ಸಾಹಿತ್ಯಕ್ಕೂ ಅನುಭಾವಕ್ಕೂ ಸೀಮಿತವೇ ಎಂದು ಕೇಳಿಕೊಂಡಾಗ ದೆಹಲಿಯ ಓದುಗರಿಗೆ ಹತ್ತಿರದ ಉದಾಹರಣೆಯೊಂದು ನೆನಪಾಗುತ್ತದೆ. 1949ರಲ್ಲಿ ಇಲ್ಲಿ ಸ್ಥಾಪನೆಯಾದ 'ದೆಹಲಿ ಶಿಲ್ಪಿ ಚಕ್ರ' ಚಿತ್ರಕಾರರ ಮತ್ತು ಶಿಲ್ಪಿಗಳ ಕೂಟ. ಬಿ. ಸಿ. ಸನ್ಯಾಲ್, ಧನರಾಜ್ ಭಗತ್, ಕನ್ವಲ್ ಕೃಷ್ಣ, ಪಿ. ಎನ್. ಮಾಗೊ ಮೊದಲಾದವರ ಜೊತೆಗೆ ಬೆಳಗಾವಿಯ ಕೆ. ಎಸ್. ಕುಲಕರ್ಣಿಯವರೂ ಅದರ ಸ್ಥಾಪಕರಲ್ಲಿದ್ದರು. ಧಾರವಾಡದಲ್ಲಿ ಹುಟ್ಟಿ ಶಾಂತಿನಿಕೇತನದಲ್ಲಿ ಕಲಿತ ದಿನಕರ ಕೌಶಿಕರೂ ಆ ಬಳಗದವರೇ. ಕಲೆ ಬದುಕನ್ನು ಬೆಳಗುತ್ತದೆ ಎಂಬುದು ಚಕ್ರದ ಧ್ಯೇಯವಾಕ್ಯದ ತಾತ್ಪರ್ಯ. ಆಗ ಪ್ರಬಲವಾಗಿದ್ದ ಅಖಿಲ ಭಾರತ ಲಲಿತಕಲೆ ಮತ್ತು ಕರಕುಶಲ ಸಂಘದ ರೀತಿನೀತಿಗಳಿಂದ ಅತೃಪ್ತರಾದ ಕಲಾವಿದರು ಇಲ್ಲಿ ಸೇರಿ ಕೃತಿಗಳನ್ನು ಕುರಿತು ಪರಸ್ಪರ ಚರ್ಚಿಸಿದರು. ಚಾಂದನಿ ಚೌಕದಂಥ ಸಾಮಾನ್ಯರ ಓಡಾಟದ ಸ್ಥಳಕ್ಕೂ ಪ್ರದರ್ಶನವನ್ನು ಕೊಂಡೊಯ್ದರು. ನುಡಿದುದನ್ನು ವಿಚಾರಿಸಬಲ್ಲ ನಾಡವರಲ್ಲಿ ಶ್ರೀವಿಜಯನಿಗಿದ್ದ ನಂಬಿಕೆಗೆ ಇದು ಸಮೀಪವಾದುದು. ಒಂದರಿಂದ ಇನ್ನೊಂದು ಹುಟ್ಟಿತೆಂದು ನಾವು ಹೇಳುತ್ತಿಲ್ಲ. ಎರಡರ ಹಿಂದೆಯೂ ಒಂದೇ ಬಗೆಯ ಅಗತ್ಯವಿದೆ ಎನ್ನುತ್ತೇವೆ. 1954ರಲ್ಲಿ ಲಲಿತಕಲಾ ಅಕಾದೆಮಿಯೂ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವೂ ಬಂದ ಮೇಲೆ ಕಲಾವಿದನಿಗೆ ಮನ್ನಣೆಯ ಬೇರೆ ದಾರಿಗಳು ತೆರೆದವು. ಮುಂದಿನ ದಶಕದಲ್ಲಿ ಚಕ್ರದ ಚಟುವಟಿಕೆ ಕ್ಷೀಣಿಸಿತು. ಬಹುಮಾನವೂ ಸಂಗ್ರಹವೂ ಕೃತಿ ಮುಗಿದ ಮೇಲಿನ ತೀರ್ಪುಗಳು. ಕೃತಿ ಇನ್ನೂ ತಿದ್ದಬಹುದಾದ ಸ್ಥಿತಿಯಲ್ಲಿರುವಾಗ ಸಂಗಡಿಗರು ಆಡುವ ಮಾತಿನ ಕೆಲಸವನ್ನು ಅವು ಮಾಡಲಾರವು.

ಈ ಇತಿಹಾಸ ಇಂದಿನ ನಮಗೆ ಏಕೆ ಮುಖ್ಯ? ರಾಜ್ಯದ ಹೊರಗೆ ಕನ್ನಡಿಗರು ನಡೆಸುವ ಕವಿಗೋಷ್ಠಿಗಳಲ್ಲಿ ಅಧ್ಯಕ್ಷರು ಓದಿದವರೆಲ್ಲರನ್ನೂ ಸಮನಾಗಿ ಹೊಗಳಿ ಮುಗಿಸುವುದು ಸಾಮಾನ್ಯ. ಬರೆಯುವವರೇ ವಿರಳ, ನೊಂದವರು ಮತ್ತೆ ಬಾರರು ಎಂಬ ಅಂಜಿಕೆ ಸಹಜವಾದುದೇ. ಆದರೆ ತನ್ನ ಕಾಡಿಗೆಯನ್ನು ಯಾರೂ ತೋರಿಸಿಕೊಡದ ಕವಿ ಬೆಳೆಯುವುದಿಲ್ಲ. ಕೆಲವು ವರ್ಷಗಳಲ್ಲಿ ಬರೆಯುವುದನ್ನೇ ಬಿಡುತ್ತಾನೆ. ಸೊನ್ನಲಿಗೆಯ ಕಲ್ಲು ಚರ್ಚೆಯನ್ನು ಕೊಲ್ಲುವಂತೆ ಈ ಹೊಗಳಿಕೆಯೂ ಕೊಲ್ಲುತ್ತದೆ. ಹೊರನಾಡಿನಲ್ಲಿ ಕನ್ನಡ ಬರವಣಿಗೆ ಮುಂದಿನ ತಲೆಮಾರಿಗೆ ಉಳಿಯುವುದೇ ಎಂಬುದು ಇದರೊಡನೆ ಸೇರಿದ ಪ್ರಶ್ನೆ.

ಸಂಶೋಧಕರಿಗೆ ಇಲ್ಲೊಂದು ಕೆಲಸವೂ ಇದೆ. ಗೋಷ್ಠಿಗಳ ಸಂಕಲನಗಳಲ್ಲಿ ಕವಿತೆಗಳು ಅಚ್ಚಾಗುತ್ತವೆ. ಅವುಗಳ ಮೇಲೆ ನಡೆದ ಮಾತು ಉಳಿಯುವುದಿಲ್ಲ. 'ಶೂನ್ಯಸಂಪಾದನೆ'ಯ ಸಂಪಾದಕರು ಮುಖ್ಯವೆಂದು ಬಗೆದುದು ವಚನಗಳನ್ನಷ್ಟೇ ಅಲ್ಲ, ಅವುಗಳ ನಡುವಣ ಪ್ರಶ್ನೋತ್ತರವನ್ನೂ ಹೌದು. ಮುಂಬಯಿ, ಚೆನ್ನೈ, ಕಾಸರಗೋಡು, ದೆಹಲಿಗಳ ಕನ್ನಡ ಕೂಟಗಳಲ್ಲಿ ಹಿರಿಯರಿಂದ ಇಂಥ ಚರ್ಚೆಗಳ ವಿವರವನ್ನು ಈಗಲೇ ಕೇಳಿ ಬರೆದಿಟ್ಟುಕೊಂಡರೆ, ಕನ್ನಡ ವಿಮರ್ಶೆಯ ಇತಿಹಾಸದಲ್ಲಿ ಇದುವರೆಗೆ ಬರೆಯದಿದ್ದ ಅಧ್ಯಾಯವೊಂದಕ್ಕೆ ಸಾಮಗ್ರಿ ಒದಗೀತು.