ಟ್ರಂಕ್ ಕಾಲಿನಿಂದ ಅವೈಟ್‌ವರೆಗೆ

ನಾಗಪುರದ ರಾಮದಾಸಪೇಠಿನಲ್ಲಿ ಆಸ್ಪತ್ರೆಗಳಿಗೆ, ಲ್ಯಾಬುಗಳಿಗೆ ಬರವಿಲ್ಲ. ಕಳೆದ ವಾರ ಅಂಥದೊಂದು ಲ್ಯಾಬಿನಲ್ಲಿ ಅಪ್ಪನ ರಕ್ತ ಕೊಟ್ಟು, 'ಸಂಜೆ ರಿಪೋರ್ಟು' ಎಂಬ ಚೀಟಿ ಹಿಡಿದು ಕೂತಿದ್ದೆವು. ಹೊತ್ತು ಹೋಗಲೆಂದು ಅಪ್ಪ ಧಾರವಾಡದ ಟ್ರಂಕ್ ಕಾಲ್ ದಿನಗಳನ್ನು ತೆಗೆದರು. ನಂಬರು ಹೇಳಿ ಫೋನ್ ಇಡುವುದು. ಲೈನು ಸಿಕ್ಕಾಗ ಎಕ್ಸ್‌ಚೇಂಜಿನವರೇ ತಿರುಗಿ ಕರೆಯುವುದು. ಅಷ್ಟರಲ್ಲಿ ಊಟ ಮುಗಿಸಬಹುದು. ನನಗೆ ನಗು ಬಂತು. ದಿನವಿಡೀ ನಾನು ಬರೆಯುವ ಕೋಡು ಮಾಡುವುದೂ ಇದನ್ನೇ.

1995ರಲ್ಲಿ ನೆಟ್‌ಸ್ಕೇಪಿನ ಬ್ರೆಂಡನ್ ಐಕ್ 10 ದಿನಗಳಲ್ಲಿ ಜಾವಾಸ್ಕ್ರಿಪ್ಟಿನ ಮೊದಲ ರೂಪ ಕಟ್ಟಿದರು. ಒಂದು ಪುಟದಲ್ಲಿ ಅದು ಒಂದು ಹೊತ್ತಿಗೆ ಒಂದೇ ಕೆಲಸ ಮಾಡುತ್ತದೆ. ಸರ್ವರಿನ ಉತ್ತರಕ್ಕೆ ಸುಮ್ಮನೆ ನಿಂತರೆ ಪುಟವೇ ಮರಗಟ್ಟುತ್ತದೆ. ಆದ್ದರಿಂದ ಕಾಯುವುದನ್ನು ಬ್ರೌಸರಿಗೆ ಬಿಟ್ಟು, 'ಉತ್ತರ ಬಂದರೆ ಈ ಫಂಕ್ಷನ್ನನ್ನು ಕರೆ' ಎಂದು ಮುಂದೆ ಸಾಗಬೇಕು. ಅದೇ ಕಾಲ್‌ಬ್ಯಾಕ್, ನಮ್ಮಪ್ಪನ ಟ್ರಂಕ್ ಕಾಲ್. 2005ರಲ್ಲಿ ಜೆಸ್ಸಿ ಜೇಮ್ಸ್ ಗ್ಯಾರೆಟ್ 'ಅಜಾಕ್ಸ್' ಎಂದು ಹೆಸರಿಟ್ಟ ಮೇಲಂತೂ ಇದು ಎಲ್ಲೆಡೆ ಹಬ್ಬಿತು. ಒಂದರೊಳಗೆ ಇನ್ನೊಂದು ಕಾಲ್‌ಬ್ಯಾಕ್ ಸೇರಿ ಕೋಡು ಬಲಕ್ಕೆ ಜಾರತೊಡಗಿತು. ತಪ್ಪಾದದ್ದು ಯಾವ ಮೆಟ್ಟಿಲಲ್ಲಿ ಎಂದು ಹುಡುಕುವುದೇ ಒಂದು ಉದ್ಯೋಗವಾಯಿತು.

ಮದ್ದು ಮೊದಲೇ ಇತ್ತು. ಫಲಿತಾಂಶದ ಬದಲು ಸದ್ಯಕ್ಕೊಂದು ಚೀಟಿ ಕೊಡುವ ಈ ವಿಚಾರಕ್ಕೆ ಡೇನಿಯಲ್ ಫ್ರೀಡ್‌ಮನ್ ಮತ್ತು ಡೇವಿಡ್ ವೈಸ್ 1976ರಲ್ಲೇ 'ಪ್ರಾಮಿಸ್' ಎಂದಿದ್ದರು. 1988ರಲ್ಲಿ ಬಾರ್ಬರಾ ಲಿಸ್ಕೋವ್ ಮತ್ತು ಲ್ಯೂಬಾ ಶ್ರೀರಾ ಅದನ್ನು ಬೆಳೆಸಿದರು. ರಯಾನ್ ಡಾಲ್ 2009ರಲ್ಲಿ ನೋಡ್ ತಂದಾಗ ಅದಕ್ಕೂ ಪ್ರಾಮಿಸ್ ಸೇರಿಸಿ, 2010ರ ಫೆಬ್ರುವರಿಯಲ್ಲಿ ಕಿತ್ತುಹಾಕಿದರು! 2018ರಲ್ಲಿ ವೇದಿಕೆಯ ಮೇಲೆ ನಿಂತು ತಮ್ಮ ಪಶ್ಚಾತ್ತಾಪಗಳನ್ನು ಎಣಿಸಿದಾಗ ಮೊದಲನೆಯದೇ ಇದು. ಆ ಒಂದು ತೀರ್ಮಾನಕ್ಕಾಗಿ ನಮ್ಮಂಥವರು ಎಷ್ಟು ರಾತ್ರಿ ನಿದ್ದೆಗೆಟ್ಟೆವೋ.

ಭಾಷೆಗೆ ಪ್ರಾಮಿಸ್ ಅಧಿಕೃತವಾಗಿ ಬಂದದ್ದು 2015ರಲ್ಲಿ. ಸಿ ಶಾರ್ಪ್‌ನಲ್ಲಿ 2012ರಿಂದಲೇ ಇದ್ದ ಅಸಿಂಕ್–ಅವೈಟ್ ಜೋಡಿ ಇಲ್ಲಿಗೆ ಸೇರಿದ್ದು 2017ರಲ್ಲಿ. ಈಗ ಕೋಡನ್ನು ಮೇಲಿಂದ ಕೆಳಗೆ ಕಥೆಯಂತೆ ಓದಬಹುದು. ಅವೈಟ್ ಅಂದರೆ ಎಲ್ಲವೂ ನಿಂತಿತು ಎಂದು ಹೊಸಬರು ತಿಳಿಯುತ್ತಾರೆ. ಹಾಗಲ್ಲ, ನಿಲ್ಲುವುದು ಆ ಫಂಕ್ಷನ್ ಮಾತ್ರ. ಉಳಿದ ಕೆಲಸ ನಡೆದೇ ಇರುತ್ತದೆ.

ನಾನೊಮ್ಮೆ ಆ ಪದ ಬರೆಯಲು ಮರೆತು, ಹಣ ಜಮೆಯಾಗುವ ಮೊದಲೇ 'ಜಮೆಯಾಗಿದೆ' ಎಂಬ ಸಂದೇಶ ಗಿರಾಕಿಗೆ ಹೋಗಿತ್ತು. ಚೀಟಿಯನ್ನೇ ರಿಪೋರ್ಟು ಎಂದು ಓದಿದಂತೆ.

ಅಪ್ಪನಿಗೆ ಇಷ್ಟನ್ನೂ ಹೇಳಿ ಮುಗಿಸುವಷ್ಟರಲ್ಲಿ ನಮ್ಮ ನಂಬರು ಕೂಗಿದರು. ಅವರು ಚೀಟಿಯನ್ನು ನನ್ನ ಕೈಗಿಟ್ಟು, "ನೀನ ಹೋಗಿ ಓದ್ಕೊಂಡ್ ಬಾ" ಅಂದರು.